ಅಮೂರ್ತ ಚಿತ್ರಗಳ ಪ್ರದರ್ಶನಕ್ಕೆ ಮಕ್ಕಳ ಭೇಟಿ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಈ ಊರಿನಲ್ಲೇ ಹುಟ್ಟಿ ಬೆಳೆದ ಕಲಾವಿದೆಯೊಬ್ಬರ ಏಕವ್ಯಕ್ತಿ ಚಿತ್ರ ಪ್ರದರ್ಶನ ನಡೆಯುತ್ತಿದೆ. ಬರುವ ಗುರುವಾರ ಆರರಿಂದ ಎಂಟನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಎಲ್ಲವೂ ಅಮೂರ್ತ ಚಿತ್ರಗಳು. ಮರ, ಮನೆ, ಮುಖ ಯಾವುದೂ ಕಾಣಸಿಗುವುದಿಲ್ಲ. ಹಾಗಾಗಿ ಮನೆಯಲ್ಲಿ ಮೊದಲೇ ಒಂದಿಷ್ಟು ಮಾತುಕತೆ ಆಗಿದ್ದರೆ ಮಕ್ಕಳಿಗೆ ಅನುಕೂಲ.

ನಮ್ಮ ಮುಖ್ಯ ಕೋರಿಕೆ ಇಷ್ಟೇ: 'ಇದು ಯಾವುದರ ಚಿತ್ರ?' ಎಂದು ಮಗುವನ್ನು ಕೇಳಬೇಡಿ. ಹಾಗೆ ಕೇಳಿದ ಕೂಡಲೇ ಮಗು ನೋಡುವುದನ್ನು ಬಿಟ್ಟು ಒಗಟು ಬಿಡಿಸಲು ಹೊರಡುತ್ತದೆ. ನೀಲಿ ಕಂಡರೆ ಸಮುದ್ರ, ಕೆಂಪು ಕಂಡರೆ ಬೆಂಕಿ ಎಂದು ಥಟ್ಟನೆ ಹೇಳಿ ಮುಂದಿನ ಚಿತ್ರಕ್ಕೆ ಓಡುತ್ತದೆ. ಕ್ಯಾನ್ವಾಸಿನ ಮೇಲೆಯೇ ಉತ್ತರ ಸಿಗುವಂಥ ಪ್ರಶ್ನೆ ಕೇಳಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಯಾವ ಕಡೆಗೆ ಜಾರಿತು? ಯಾವ ಬಣ್ಣ ಅಡಿಯಲ್ಲಿದೆ, ಯಾವುದು ಆಮೇಲೆ ಬಂದಿದೆ? ಇದು ಕುಂಚದ ಗುರುತೋ, ರೋಲರಿನದೋ, ಪ್ಯಾಲೆಟ್ ನೈಫಿನಿಂದ (ಬಣ್ಣ ಹಚ್ಚಲು, ಕೆರೆಯಲು ಬಳಸುವ ಮೊಂಡು ಚಾಕು) ಕೆರೆದದ್ದೋ? ತೆಳು ಬಣ್ಣ ಕೆಳಕ್ಕೇ ಹರಿಯುತ್ತದೆ. ಹರಿದ ಗೆರೆ ಅಡ್ಡಕ್ಕೋ ಮೇಲಕ್ಕೋ ಹೋಗಿದ್ದರೆ ಕೆಲಸದ ನಡುವೆ ಕ್ಯಾನ್ವಾಸನ್ನು ತಿರುಗಿಸಿದ್ದಾರೆಂದು ತಿಳಿಯಬಹುದು. ಚೌಕಟ್ಟು ಹಾಕದ ಚಿತ್ರವಾದರೆ ಬದಿಯ ಅಂಚನ್ನೂ ನೋಡಲು ಹೇಳಿ. ಮುಂಭಾಗದಲ್ಲಿ ಮುಚ್ಚಿಹೋದ ಪದರಗಳು ಎಷ್ಟೋ ಸಲ ಅಲ್ಲಿ ಇಣುಕುತ್ತವೆ.

'ಇಂಥದ್ದನ್ನು ನಾನೂ ಬರೆಯಬಲ್ಲೆ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಹೆಚ್ಚಾಗಿ ದೊಡ್ಡವರೇ. ಆಗ ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್ 1908ರಿಂದ 1912ರ ನಡುವೆ ಬರೆದ ಮರಗಳ ಚಿತ್ರಗಳನ್ನು ವರುಷದ ಕ್ರಮದಲ್ಲಿ ಮಗುವಿಗೆ ತೋರಿಸಿ. ಮರ ಮರವಾಗಿಯೇ ಇದ್ದದ್ದು ನಿಧಾನಕ್ಕೆ ಬಾಗಿದ ಗೆರೆಗಳ ಹೆಣಿಗೆಯಾಗುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಈ ಕೆಲಸದ ಬಹುಪಾಲು ಎಂಬುದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಯುವ ದಾರಿ ಇಲ್ಲ. ನಮ್ಮ ದೇಶದ ಅಮೂರ್ತ ಚಿತ್ರಕಾರ ವಿ. ಎಸ್. ಗಾಯತೊಂಡೆ (1924–2001) ರೋಲರ್ ಮತ್ತು ಪ್ಯಾಲೆಟ್ ನೈಫ್ ಬಳಸಿ ಪದರದ ಮೇಲೆ ಪದರ ಕಟ್ಟುತ್ತಿದ್ದರು. ಅವರ ಚಿತ್ರಗಳನ್ನೂ ಜೊತೆಗೆ ತೋರಿಸಬಹುದು.

ಇನ್ನು ಮುಟ್ಟುವ ವಿಚಾರ. ಉಬ್ಬಿದ ಬಣ್ಣ ಕಂಡರೆ ಬೆರಳು ತಾನಾಗಿ ಮುಂದೆ ಹೋಗುತ್ತದೆ, 'ಮುಟ್ಟಬೇಡ' ಎಂದರೆ ಸಾಲದು, ಕಾರಣ ಹೇಳಬೇಕು. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ತುಸು ಮೆತ್ತಗೇ ಇರುತ್ತದೆ. ಬೆರಳಿನ ಜಿಡ್ಡು, ಬೆವರು, ದೂಳು ಅದಕ್ಕೆ ಅಂಟಿಕೊಂಡರೆ ಒರೆಸಿ ತೆಗೆಯುವುದು ಕಷ್ಟ. ದಪ್ಪಗೆ ಹಚ್ಚಿದ ತೈಲವರ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರಬಹುದು. ಕ್ಯಾನ್ವಾಸನ್ನು ಒತ್ತಿದರೆ ಅಥವಾ ಅದಕ್ಕೆ ಏನಾದರೂ ತಾಗಿದರೆ ಬಿರುಕು ಅಂದೇ ಕಾಣದೆ ವರುಷಗಳ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ನಿಜ ಹೇಳಬೇಕೆಂದರೆ ಬೆರಳಿಗಿಂತ ಹೆಚ್ಚು ಅಪಾಯ ಬೆನ್ನಿನ ಚೀಲದ್ದು: ಮಗು ಸರಕ್ಕನೆ ತಿರುಗಿದಾಗ ಹಿಂದಿನ ಗೋಡೆಯ ಚಿತ್ರಕ್ಕೆ ಚೀಲ ಉಜ್ಜುತ್ತದೆ. ಆದ್ದರಿಂದ ಆ ದಿನ ಚೀಲ ಬೇಡ. ನೀರಿನ ಬಾಟಲಿಯನ್ನು ಶಿಕ್ಷಕರು ಬಾಗಿಲಲ್ಲೇ ತೆಗೆದಿಡುತ್ತಾರೆ. ಬರೆಯಲು ಪೆನ್ಸಿಲ್ ಮಾತ್ರ, ಪೆನ್ನು ಬೇಡ.

ಹನ್ನೆರಡು ಮಕ್ಕಳಿಗೆ ಒಬ್ಬ ಶಿಕ್ಷಕರು ಇರುತ್ತಾರೆ. ಪ್ರತಿ ಗುಂಪು ಮೂರೇ ಚಿತ್ರಗಳನ್ನು ನೋಡುತ್ತದೆ, ಒಂದೊಂದಕ್ಕೂ ಹತ್ತು ನಿಮಿಷ. ಕಡಿಮೆಯಾಯಿತು ಎನಿಸಬಹುದು. ಆದರೆ ಮೂವತ್ತು ಚಿತ್ರಗಳ ಮುಂದೆ ನಡೆದುಹೋದ ಮಗುವಿಗೆ ಸಂಜೆಯ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ಮೊದಲು ದೂರದಿಂದ ಪೂರ್ತಿ ಚಿತ್ರ, ಆಮೇಲೆ ಒಂದು ಮೀಟರಿನಷ್ಟು ಹತ್ತಿರದಿಂದ ಮೇಲ್ಮೈ, ಮತ್ತೆ ದೂರದಿಂದ. ಪಕ್ಕದ ಚೀಟಿಯನ್ನು ಕೊನೆಗೆ ಓದಿಸುತ್ತೇವೆ. ಹೆಸರು ಮೊದಲೇ ತಿಳಿದರೆ ಕಣ್ಣು ಅದನ್ನೇ ಹುಡುಕುತ್ತದೆ. ಚೀಟಿಯಲ್ಲಿ ವರುಷ, ಬಣ್ಣದ ಬಗೆ, ಅಳತೆ ಇರುತ್ತವೆ. ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ನಂತರ. ಕೆಂಪು ಚುಕ್ಕೆ ಅಂಟಿಸಿದ್ದರೆ ಆ ಚಿತ್ರ ಮಾರಾಟವಾಗಿದೆ ಎಂದರ್ಥ.

ಭೇಟಿಯ ನಂತರ ಮನೆಯಲ್ಲಿ ಬಣ್ಣ ಹಿಡಿಯಲು ಮಗು ಕೇಳಿದರೆ ಮೂರು ಬಣ್ಣ ಮತ್ತು ಬಿಳಿ ಸಾಕು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪದ ಹಾಳೆಯನ್ನು ಹಲಗೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಕೂರಿಸಿ, ಇಲ್ಲದಿದ್ದರೆ ಒದ್ದೆಯಾಗಿ ಸುಕ್ಕುಗಟ್ಟುತ್ತದೆ. ಮಕ್ಕಳ ಚಿತ್ರ ಕೆಡುವುದು ಬಹುತೇಕ ಅವಸರದಿಂದ. ಹಸಿ ಪದರದ ಮೇಲೆ ಇನ್ನೊಂದನ್ನು ಎಳೆದರೆ ಕೆಂಪು, ಹಳದಿ, ನೀಲಿ ಮೂರೂ ಕಲಸಿ ಕೆಸರು ಬಣ್ಣವಾಗುತ್ತದೆ. ತೆಳು ಅಕ್ರಿಲಿಕ್ ಪದರಕ್ಕೆ ಇಪ್ಪತ್ತು ನಿಮಿಷ ಬಿಡಿ, ದಪ್ಪವಾದರೆ ಇನ್ನೂ ಹೆಚ್ಚು. ನೀರು ವಿಪರೀತವಾದರೆ ಬಣ್ಣವನ್ನು ಹಿಡಿದಿಡುವ ಅಂಟು ತೆಳುವಾಗಿ, ಒಣಗಿದ ಮೇಲೆ ಉಜ್ಜಿದರೆ ಎದ್ದು ಬರುತ್ತದೆ. ಕುಂಚವನ್ನು ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಮರೆಯಬೇಡಿ, ಕೂದಲು ಸೊಟ್ಟಗಾಗುತ್ತದೆ. ಬಟ್ಟೆಗೆ ತಾಗಿದ ಅಕ್ರಿಲಿಕ್ಕನ್ನು ಹಸಿ ಇರುವಾಗಲೇ ತೊಳೆಯಬೇಕು, ಒಣಗಿದರೆ ಹೋಗುವುದಿಲ್ಲ. ಹಳೆಯ ಅಂಗಿ ತೊಡಿಸಿ.

ಒಪ್ಪಿಗೆ ಚೀಟಿಗೆ ಸಹಿ ಮಾಡಿ ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ನಿಮ್ಮ ಮಗುವಿಗೆ ಕೆಂಪು–ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಿದ್ದರೆ ಚೀಟಿಯ ಹಿಂಬದಿಯಲ್ಲಿ ಬರೆದು ಕಳಿಸಿ. ಗಂಡುಮಕ್ಕಳಲ್ಲಿ ಇದು ಹೆಚ್ಚು, ಮನೆಯವರ ಗಮನಕ್ಕೆ ಬಾರದೆಯೂ ಇರುತ್ತದೆ. ಅಂಥ ಮಕ್ಕಳ ಗುಂಪಿನಲ್ಲಿ ಬಣ್ಣದ ಹೆಸರು ಕೇಳುವ ಬದಲು ಕತ್ತಲು–ಬೆಳಕು, ಗೆರೆ, ಮೇಲ್ಮೈಗಳ ಬಗ್ಗೆ ಕೇಳುವಂತೆ ಶಿಕ್ಷಕರಿಗೆ ತಿಳಿಸುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯರು