ಆಸ್ಪತ್ರೇಲಿ ಪಕ್ಕ ಬಂದು ಕೂತಿದ್ದ ಆ ಅಕ್ಕನಿಗೆ

ಅಕ್ಕಾ, ಆವತ್ತು ನಿಮ್ಮ ಹೆಸರು ಕೇಳೋಕೂ ತೋಚಲಿಲ್ಲ ನಂಗೆ. ಮಗನಿಗೆ ಅಕಾಂಡ್ರೋಪ್ಲೇಸಿಯಾ, ಅಂದ್ರೆ ಕೈಕಾಲಿನ ಮೂಳೆ ಉದ್ದ ಬೆಳೀದೆ ಕುಳ್ಳಗೇ ಉಳಿಯೋ ಕಂಡೀಷನ್, ಇದೆ ಅಂತ ಡಾಕ್ಟರ್ ಹೇಳಿದ್ಮೇಲೆ ಹೊರಗೆ ಅಳ್ತಾ ಕೂತಿದ್ದೆ, ನಮ್ಮಿಬ್ಬರ ಕಡೇಲೂ ಯಾರೂ ಹೀಗಿಲ್ವಲ್ಲ, ಬಸುರೀಲಿ ನಾನೇ ಏನೋ ತಪ್ಪು ಮಾಡಿದೀನಿ ಅಂತ ತಲೇಲಿ ಅದೇ ಓಡ್ತಿತ್ತು. ನೀವೂ ಅದೇ ಕಂಡೀಷನ್ ಇರೋರು, ಪಕ್ಕ ಕೂತು, ಇಂಥ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳ ಅಪ್ಪ ಅಮ್ಮ ಸಾಮಾನ್ಯ ಎತ್ತರದೋರೇ, ಎಫ್‌ಜಿಎಫ್‌ಆರ್3 ಅನ್ನೋ ಒಂದು ಜೀನಲ್ಲಿ ತಾನಾಗೇ ಆಗೋ ಬದಲಾವಣೆ ಇದು, ನೀವು ತಿಂದಿದ್ದು ಕುಡಿದಿದ್ದರಿಂದ ಆಗಿದ್ದಲ್ಲ ಅಂದ್ರಿ. ಮನೇಲಿ ನಾನೂ ನಮ್ಮೆಜಮಾನ್ರೂ ಒಬ್ರನ್ನೊಬ್ರು ದೂರೋದು ನಿಂತಿದ್ದೇ ಆ ಮಾತಿಂದ.

ಇನ್ನೊಂದು ಹೇಳಿದ್ರಿ, ಎತ್ತರ ನೋಡ್ಬೇಡಿ ವಯಸ್ಸು ನೋಡಿ ಅಂತ. ಎಷ್ಟು ನಿಜ ಅಕ್ಕಾ! ಆರು ವರ್ಷದೋನನ್ನ ಎಲ್ರೂ ಮೂರು ವರ್ಷದ ಪಾಪು ಥರ ಎತ್ಕೊಂಡು ಮುದ್ದಾಡ್ತಾರೆ, ನಾವೂ ಹಾಗೇ ಮಾಡಿದ್ರೆ ಅವನೂ ಪಾಪುವಾಗೇ ಉಳೀತಾನೆ.

ಆದ್ರೆ ಎಲ್ಲಕ್ಕಿಂತ ದೊಡ್ಡ ಉಪಕಾರ ಅಂದ್ರೆ ‘ಅವನ ಅಕ್ಕನ್ನ ಮರೀಬೇಡಿ’ ಅಂದಿದ್ದು. ನಾನು ಮರ್ತೇಬಿಟ್ಟಿದ್ದೆ. ಚೆಕಪ್ಪು, ಸ್ಕ್ಯಾನು, ನಿದ್ದೇಲಿ ಉಸಿರು ಕಟ್ಟುತ್ತಾ ಅಂತ ರಾತ್ರಿಯೆಲ್ಲ ಕಾಯೋದು, ಇದರಲ್ಲೇ ಮುಳುಗಿದ್ದೆ, ಒಂದಿನ ಮಗಳು ‘ನಾನೂ ಕುಳ್ಳಗೆ ಹುಟ್ಬೇಕಿತ್ತು, ಆಗ ನನ್ನೂ ನೋಡ್ಕೊಳ್ತಿದ್ದೆ’ ಅಂದಾಗ ನಿಮ್ಮ ಮಾತು ನೆನಪಾಯ್ತು. ಈಗ ದಿನಾ ಅರ್ಧ ಗಂಟೆ ಅವಳಿಗೇ ಅಂತ ಇಟ್ಟಿದೀನಿ.

ನಿನ್ನೆ ಅವನು ಸ್ಟೂಲ್ ಎಳ್ಕೊಂಡು ಬಂದು ತಾನೇ ಲೈಟ್ ಹಾಕ್ದ, ಎತ್ಕೊಳೋಕೆ ಹೋದ್ರೆ ಬೇಡಮ್ಮಾ ಅಂದ. ಥ್ಯಾಂಕ್ಸ್ ಅಕ್ಕಾ, ಎಲ್ಲೇ ಇದ್ರೂ ಚೆನ್ನಾಗಿರಿ.