ಸೂರಿಗೆ ಸಿಕ್ಕಿಸಿದ ಲೋಟ

ಸಾಗರ

ಪ್ರಿಯ ಗೆಳೆಯಾ,

ಕಳೆದ ಬಾರಿ ಬಂದಿದ್ದಾಗ ನೀನು, ಸಣ್ಣತನ ಮನುಷ್ಯನಿಗೆ ಹುಟ್ಟಿನಿಂದಲೇ ಅಂಟಿದ್ದು, ಯಾವ ಧರ್ಮಕ್ಕೂ ಅದನ್ನು ತಿದ್ದಲಾಗಲಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಮೊನ್ನೆ ಕೊಟ್ಟಿಗೆ ಸೋರುತ್ತಿದೆಯೆಂದು ಹೆಂಚು ಸರಿಸಲು ಹತ್ತಿದವನಿಗೆ ಸೂರಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟ ಕಣ್ಣಿಗೆ ಬಿತ್ತು.

ಅದು ನಮ್ಮ ಮನೆಗೆ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದ ಮುದುಕರೊಬ್ಬರ ಲೋಟ. ಅವರು ಅದನ್ನು ತಾವೇ ತೆಗೆದು ತೊಳೆದು ಅಂಗಳದ ಅಂಚಿನಲ್ಲಿ ಇಡುತ್ತಿದ್ದರು. ಅಜ್ಜಿ ಒಂದು ಮೊಳ ಎತ್ತರದಿಂದ, ಲೋಟಕ್ಕೆ ಪಾತ್ರೆ ತಾಗದಂತೆ, ಒಂದು ಹನಿಯೂ ಚೆಲ್ಲದಂತೆ ಕಾಫಿ ಹೊಯ್ಯುತ್ತಿದ್ದರು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದುಪಡಿಸಿ ಮೂವತ್ತು ವರ್ಷ ದಾಟಿದ್ದ ಕಾಲ ಅದು. ಅಜ್ಜಿ ಕೆಟ್ಟವರಾಗಿರಲಿಲ್ಲ, ಕರು ಹಾಕಿದ ದನದ ಪಕ್ಕದಲ್ಲಿ ರಾತ್ರಿಯಿಡೀ ಕೂತಿರುತ್ತಿದ್ದರು. ಆ ಎತ್ತರವನ್ನು ಅವರಿಗೆ ಅವರ ಅತ್ತೆ ಕಲಿಸಿದ್ದರು, ಮಡಿಯೆಂಬ ಹೆಸರಿನಲ್ಲಿ, ರಂಗೋಲಿ ಕಲಿಸಿದಷ್ಟೇ ಅಕ್ಕರೆಯಿಂದ. ನಾನೂ ಆರನೆಯ ವಯಸ್ಸಿಗೇ, ಅಜ್ಜನ ವಯಸ್ಸಿನ ಆ ಮನುಷ್ಯರನ್ನು 'ಏ, ಬಾರೋ ಇಲ್ಲಿ' ಎಂದು ಕರೆದಿದ್ದೆ. ಜಗುಲಿಯಲ್ಲಿ ಕೂತಿದ್ದವರು ನಕ್ಕರು. ಆ ಮುದುಕರೂ ನಕ್ಕರು, ಆ ನಗು ಈಗ ನೆನಪಾದರೆ ಊಟ ಸೇರುವುದಿಲ್ಲ.

1961ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಅವರ ಸಂಗಡಿಗರು 72 ಮಕ್ಕಳನ್ನು ಇಟ್ಟುಕೊಂಡು ನಡೆಸಿದ ಪ್ರಯೋಗವನ್ನು ನೀನೂ ಓದಿರುತ್ತೀಯ. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಬಡಿಯುವುದನ್ನು ಕಂಡ ಮಕ್ಕಳಲ್ಲಿ ಹಲವರು ಆ ಹೊಡೆತವನ್ನಷ್ಟೇ ಅಲ್ಲ, ಆಗ ಆಡಿದ ಮಾತುಗಳನ್ನೂ ಹಾಗೆಯೇ ಒಪ್ಪಿಸಿದರು. ಕೋಪ ಹುಟ್ಟಿನಿಂದ ಬಂದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬ ಲೆಕ್ಕವನ್ನು ಯಾವ ಕೂಸೂ ಹೊಟ್ಟೆಯಿಂದ ತರುವುದಿಲ್ಲ.

ಇನ್ನು ಧರ್ಮದ ಮಾತು: ಅದೂ ಬದಲಾಗದೆ ನಿಂತದ್ದಲ್ಲ. ಶಿಕಾರಿಪುರದ ಹತ್ತಿರದ ಬಳ್ಳಿಗಾವಿಗೆ ನಾವಿಬ್ಬರೂ ಹೋಗಿದ್ದೆವು. ನೀನು ಕೇದಾರೇಶ್ವರದ ಕೆತ್ತನೆಯ ಚಿತ್ರ ತೆಗೆಯುವುದರಲ್ಲೇ ಮುಳುಗಿದ್ದೆ. ಅಲ್ಲಿನ ಕೋಡಿಮಠ ಕಾಳಾಮುಖರೆಂಬ ಶೈವ ಪಂಥದವರದು. 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತ, ಅಲ್ಲಿ ನ್ಯಾಯ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವನ್ನೂ ವಿವರಿಸುತ್ತಿದ್ದರೆಂದೂ, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿತ್ತೆಂದೂ ಹೇಳುತ್ತದೆ. ಅದೇ ಊರಿನಲ್ಲಿ ಬಸದಿಗಳಿದ್ದವು, ಬೌದ್ಧ ವಿಹಾರವಿತ್ತು. ಅಲ್ಲಮನ ಊರೂ ಅದೇ. ಇಂದು ಕಾಳಾಮುಖರೆಂದು ಹೇಳಿಕೊಳ್ಳುವವರು ಯಾರೂ ಇಲ್ಲ. ಅವರ ಮಠಗಳಲ್ಲಿ ಹಲವು ಕಾಲಕ್ರಮದಲ್ಲಿ ವೀರಶೈವದಲ್ಲಿ ಬೆರೆತುಹೋದವು. ಮಾರಿಜಾತ್ರೆಯನ್ನೇ ನೋಡು: ಶಿರಸಿಯಲ್ಲಿ ಕೋಣನ ಬಲಿ ನಿಂತದ್ದು 1930ರ ದಶಕದಲ್ಲಿ, ಬಲಿ ತಡೆಯುವ ರಾಜ್ಯದ ಕಾಯ್ದೆ ಬಂದದ್ದು 1959ರಲ್ಲಿ. ದೇವಿ ಮುನಿದಾಳೆಂದು ಹೆದರಿದವರ ಮೊಮ್ಮಕ್ಕಳು ಈಗ ಅದೇ ಜಾತ್ರೆಯಲ್ಲಿ ತೊಟ್ಟಿಲು ಹತ್ತಿ ಕೇಕೆ ಹಾಕುತ್ತಾರೆ. ಬದಲಾದದ್ದನ್ನು ಮರೆತು, 'ಹಿಂದಿನಿಂದಲೂ ಹೀಗೇ' ಎನ್ನುವುದರಲ್ಲಿ ಮಾತ್ರ ನಾವು ಬದಲಾಗಿಲ್ಲ.

ಎಲ್ಲ ಬದಲಾವಣೆಯೂ ಒಳ್ಳೆಯ ಕಡೆಗೇ ನಡೆಯಿತೆಂದು ನಾನು ವಾದಿಸುತ್ತಿಲ್ಲ. ಜಾತಿಯನ್ನು ಬಿಡಿರೆಂದ ಶರಣರ ಹೆಸರಿನಲ್ಲೇ ಒಳಪಂಗಡಗಳ ಲೆಕ್ಕ ನಡೆಯುತ್ತದೆ. ನನ್ನ ಮಟ್ಟಿಗೂ ಬೀಗಲು ಏನೂ ಇಲ್ಲ: ಹೋದ ವಾರ ಸಿಲಿಂಡರ್ ತಂದ ಹುಡುಗನಿಗೆ ನಾನು 'ಯಾಕೋ ಇಷ್ಟು ತಡ' ಎಂದೆ, ಮರುದಿನ ಮಗಳು ಹಾಲಿನವನಿಗೆ ಅದನ್ನೇ, ನನ್ನದೇ ರಾಗದಲ್ಲಿ ಹೇಳಿದಳು. ಅವಳನ್ನು ಗದರಲು ನನಗೆ ಬಾಯಿ ಬರಲಿಲ್ಲ.

ಲೋಟವನ್ನು ಕೆಳಗಿಳಿಸಿ ತೊಳೆದೆ. ಅಮ್ಮ ನೋಡಿ, 'ಅದನ್ನು ಒಳಗೆ ತರಬೇಡ' ಎಂದರು, ಸ್ವಲ್ಪ ಹೊತ್ತಿನ ನಂತರ, 'ಎಸೆಯಲೂ ಬೇಡ' ಎಂದರು. ಸದ್ಯಕ್ಕೆ ಅದು ಜಗುಲಿಯ ಕಟ್ಟೆಯ ಮೇಲಿದೆ. ಕೊನೆ ಕೊಯ್ಲಿಗೆ ನೀನು ಬಂದಾಗ ತೋರಿಸುತ್ತೇನೆ.

ಇಂತಿ ನಿನ್ನ,
ಗೆಳೆಯ