ಎರೆ ನೆಲದ ಮನೆಗೆ ಬೇರೆ ಬುನಾದಿ ಬೇಕು: ವಸತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಸತಿ ಸಚಿವರೇ, ನಮಸ್ಕಾರ.

ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆ ಬಂದಾಗ ಎರೆ ಊರಿನಲ್ಲಿ ಸಹಾಯಧನದಿಂದ ಕಟ್ಟಿದ ಮನೆಗಳ ಒಳಗೆ ಹೋಗಿ ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕು ಕಾಣುತ್ತದೆ. ಸಿಮೆಂಟ್ ಕಮ್ಮಿ ಹಾಕಿದ್ದಾನೆ ಅಂತ ಎಲ್ಲರೂ ಗೌಂಡಿಯನ್ನೇ ಬೈಯುತ್ತಾರೆ. ಕೆಲವು ಸಲ ಅದೂ ನಿಜ ಇರಬಹುದು ಬಿಡಿ. ಆದರೆ ಹೆಚ್ಚಿನ ಕಡೆ ಅಲ್ಲಾಡಿದ್ದು ನೆಲ.

ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ, ಇದು ನಮ್ಮ ರೈತರಿಗೆಲ್ಲ ಗೊತ್ತು. ಮನೆಯ ನಡುಭಾಗದ ಕೆಳಗೆ ತೇವ ಅಷ್ಟಾಗಿ ಬದಲಾಗುವುದಿಲ್ಲ, ಹೊರಗೋಡೆಯ ಕೆಳಗೆ ಮಾತ್ರ ವರ್ಷಕ್ಕೊಮ್ಮೆ ಏರಿಳಿತ, ಹಾಗಾಗಿ ಮೊದಲು ಪೆಟ್ಟು ತಿನ್ನುವುದು ಮೂಲೆಗಳೇ. ಇನ್ನೊಂದು ಮಾತು, ಇದು ಬಹಳ ಜನರಿಗೆ ಹೊಳೆಯುವುದಿಲ್ಲ: ಮನೆ ಹಗುರವಾದಷ್ಟೂ ತೊಂದರೆ ಜಾಸ್ತಿ. ಉಬ್ಬುವ ನೆಲವನ್ನು ಅದುಮಿ ಹಿಡಿಯುವಷ್ಟು ಭಾರ ಒಂದಂತಸ್ತಿನ ಮನೆಗೆ ಇರುವುದಿಲ್ಲ. ಅಂದರೆ ಬಡವರ ಮನೆಗೇ ಏಟು.

ಈಗ ದುಡ್ಡಿನ ವಿಷಯ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ. ಗುಡ್ಡದಲ್ಲಿ ಕಟ್ಟುವುದು ಕಷ್ಟ ಅಂತ ಹತ್ತು ಸಾವಿರ ಜಾಸ್ತಿ ಕೊಡಬಹುದಾದರೆ ಎರೆ ನೆಲಕ್ಕೆ ಯಾಕಿಲ್ಲ? ಇಲ್ಲಿ ಎರಡಡಿ ತೋಡಿ ಕಲ್ಲು ಕಟ್ಟಿದರೆ ಬುನಾದಿ ಮುಗಿಯಲಿಲ್ಲ. ಆಳದ ಎರೆಯಲ್ಲಿ ಹತ್ತು-ಹನ್ನೆರಡು ಅಡಿವರೆಗೂ ಮಣ್ಣು ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ, ಮಣ್ಣು ಅಲ್ಲಾಡದ ಆಳಕ್ಕೆ ಇಳಿಸುವ, ಬುಡದಲ್ಲಿ ದಪ್ಪಗಾಗುವ ಕಾಂಕ್ರೀಟ್ ಕಂಬದ, ಅಂದರೆ ಅಂಡರ್‌ರೀಮ್ಡ್ ಪೈಲ್‌ನ ಪದ್ಧತಿಯನ್ನು ದಶಕಗಳ ಹಿಂದೆಯೇ ಬೆಳೆಸಿತು. ಎಲ್ಲ ಮನೆಗೂ ಪೈಲ್ ಹಾಕಿ ಅಂತ ನಾನು ಹೇಳುತ್ತಿಲ್ಲ, ಅದು ಆಗದ ಮಾತು. ಎರೆ ತೆಳುವಾಗಿದ್ದರೆ ಗಟ್ಟಿ ಗರಸು ಸಿಗುವವರೆಗೆ ತೋಡಲಿ. ಆಳವಾಗಿದ್ದರೆ ಬುನಾದಿ ಕೆಳಗಿನ ಎರೆ ತೆಗೆದು, ಉಬ್ಬದ ಗರಸನ್ನು ಪದರಪದರವಾಗಿ ನೀರು ಹಾಕಿ ಬಡಿದು ತುಂಬಲಿ, ಮೇಲೆ ಗೋಡೆಯ ಬುಡಕ್ಕೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ತೊಲೆ (ಪ್ಲಿಂತ್ ಬೀಮ್) ಸುತ್ತಲೂ ಬರಲಿ. ಸುಮ್ನೆ ಮರಳು ಸುರಿಯುವುದು ಬೇಡ, ಅದರೊಳಗೆ ನೀರು ಇಳಿದು ಕೆಳಗಿನ ಎರೆ ಮೇಲೆ ನಿಲ್ಲುತ್ತದೆ.

ಪರೀಕ್ಷೆಗೆ ದೊಡ್ಡ ಖರ್ಚೇನೂ ಇಲ್ಲ. ನುಣ್ಣಗೆ ಜರಡಿ ಹಿಡಿದ ಹತ್ತು ಗ್ರಾಂ ಒಣ ಮಣ್ಣನ್ನು ಒಂದು ಅಳತೆ ಕೊಳವೆಯಲ್ಲಿ ನೀರಿಗೆ, ಅಷ್ಟನ್ನೇ ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದಕ್ಕಿಂತ ನೀರಿನಲ್ಲಿ ಶೇ 50ಕ್ಕೂ ಹೆಚ್ಚು ಉಬ್ಬಿತು ಅಂದರೆ ಹುಷಾರಾಗಬೇಕು. ಪಾಲಿಟೆಕ್ನಿಕ್ ಹುಡುಗರು ಮಾಡುವ ಕೆಲಸ ಇದು. ಸಹಾಯಧನದ ಮೊದಲ ಕಂತಿಗೆ ಮುಂಚೆ ಇದನ್ನು ಕಡ್ಡಾಯ ಮಾಡಿ. ಕಂತು ಕೊಡಲು ತೆಗೆಯುವ ಜಿಪಿಎಸ್ ಫೋಟೋವನ್ನು ಬುನಾದಿ ಮುಚ್ಚಿದ ಮೇಲೆ ತೆಗೆದರೆ ಅದರ ಕೆಳಗೇನಿದೆ ಅಂತ ಯಾರಿಗೆ ಕಾಣುತ್ತದೆ? ಅಗೆತ ತೆರೆದಿರುವಾಗಲೂ ಒಂದು ಫೋಟೋ ಇರಲಿ.

ಈಗಾಗಲೇ ಬಿರಿದ ಮನೆಗಳ ಗತಿ? ಬಿರುಕಿಗೆ ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಮೊದಲು ನೀರಿನ ದಾರಿ ಸರಿ ಮಾಡಬೇಕು: ಬಚ್ಚಲ ನೀರು ಗೋಡೆ ಬುಡದಲ್ಲಿ ಇಂಗಬಾರದು, ಸುತ್ತ ಹೊರಗೆ ಇಳಿಜಾರಾಗಿ ಮೂರ್ನಾಲ್ಕು ಅಡಿ ಕಾಂಕ್ರೀಟ್ ಪಟ್ಟಿ ಬರಬೇಕು, ಗೋಡೆಗೆ ಅಂಟಿಕೊಂಡಂತೆ ದೊಡ್ಡ ಮರ ನೆಡಬಾರದು. ಆಮೇಲೆ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ಒಂದು ಮಳೆಗಾಲ, ಒಂದು ಬೇಸಿಗೆ ನೋಡಲಿ. ಗಾಜು ಒಡೆಯದಿದ್ದರೆ ಗಿಲಾವು ಸಾಕು. ಒಡೆದರೆ ಮಾತ್ರ ಬುನಾದಿ ಕೆಳಗೆ ತುಂಡುತುಂಡಾಗಿ ಅಗೆದು ಆಧಾರ ಕೊಡುವ ದೊಡ್ಡ ಕೆಲಸ, ಅದನ್ನು ಎಂಜಿನಿಯರ್ ಎದುರಿಗಿದ್ದೇ ಮಾಡಿಸಬೇಕು.

ಕೇಂದ್ರದ ದರ ನಿಮ್ಮ ಕೈಯಲ್ಲಿಲ್ಲ, ಸರಿ. ರಾಜ್ಯದ ಪಾಲಿನಿಂದ ಎರೆ ನೆಲದ ಬುನಾದಿಗೆ ಮನೆಯೊಂದಕ್ಕೆ ಎಷ್ಟು ಸೇರಿಸುತ್ತೀರಿ, ಯಾವ ವರ್ಷದಿಂದ ಅಂತ ಹೇಳಿ ಸಾರ್.

ಇಂತಿ,
ಎರೆ ಸೀಮೆಯ ಒಬ್ಬ ಮತದಾರ